ಅಪ್‌ಡೇಟ್: ಅಪ್ಪನ ಕೋವಿಗಳು ತಂಗಿ ಹೆಸರಿಗೆ

ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿರುವ ಎರಡು ಕೋವಿಗಳನ್ನು ಮುಂದೆ ಏನು ಮಾಡೋದು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಒಂದು ಜೋಡಿ ನಳಿಗೆಯದು, ಇನ್ನೊಂದು ಅಜ್ಜನ ಕಾಲದ, ನಳಿಗೆ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಅಪ್ಪನಿಗೆ ಎಪ್ಪತ್ತು ದಾಟಿದೆ, ಕೈ ನಡುಗುತ್ತದೆ.

ಆಗ ಕೊಡಗಿನವರು ಹೇಳಿದ ಲೈಸೆನ್ಸ್ ವಿನಾಯಿತಿ ನಮಗೆ ಸಿಗಲ್ಲ. ಅದು ಕೊಡವರಿಗೆ, ಕೊಡಗಿನ ಹಳೇ ವಂಶಪಾರಂಪರ್ಯ ಜಮೀನಿನ, ಅಂದರೆ ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಡೀಲರಿಗೆ ಮಾರೋಣ ಅಂದರೆ ಕೇಪಿನ ಕೋವಿಗೆ ಅವರು ಹೇಳಿದ ರೇಟು ಕೇಳಿ ಅಪ್ಪ ಎದ್ದೇ ಬಂದರು.

ಕೆಲಸಕ್ಕೆ ಬಂದದ್ದು 2016ರ ಆಯುಧ ನಿಯಮಗಳ 25ನೇ ನಿಯಮ ನೋಡಿ ಅಂದವರ ಸಲಹೆ. ಲೈಸೆನ್ಸ್‌ದಾರರು ತೀರಿಕೊಂಡ ಮೇಲೇ ವಾರಸುದಾರರಿಗೆ ಸಿಗೋದು ಅಂತ ಊರಲ್ಲೆಲ್ಲ ಮಾತು. ಹಾಗೇನಿಲ್ಲ! ಲೈಸೆನ್ಸ್‌ದಾರರ ವಯಸ್ಸು 70 ಆಗಿರಬೇಕು, ಇಲ್ಲವೇ ಕೋವಿ ಇಟ್ಟುಕೊಂಡು 25 ವರ್ಷ ಆಗಿರಬೇಕು. ಯಾವುದು ಮೊದಲೋ ಅದು. ಆಗ ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಬಹುದು.

ತೋಟ ನೋಡಿಕೊಳ್ಳುವವಳು ತಂಗಿ, ಹಾಗಾಗಿ ಅವಳ ಹೆಸರನ್ನೇ ಕೊಟ್ಟೆವು. ಅಮ್ಮ, ನಾನು ಆಕ್ಷೇಪಣೆ ಇಲ್ಲ ಅಂತ ಬರೆದುಕೊಟ್ಟೆವು. ಅರ್ಜಿ ಡಿಸಿ ಕಚೇರಿಯಲ್ಲಿ ತಗೊಂಡಿದ್ದಾರೆ, ಪೊಲೀಸ್ ವಿಚಾರಣೆ ಬಾಕಿ. ಅವಳಿಗೆ ಲೈಸೆನ್ಸ್ ಬರೋವರೆಗೂ ಕೋವಿ ಅಪ್ಪನ ಹೆಸರಲ್ಲೇ.

ಒಂದು ಗಮನಿಸಿ: ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಕೋವಿ. ಪಿತ್ರಾರ್ಜಿತವಾದರೂ ಅಷ್ಟೇ. ಮನೆಯಲ್ಲಿ ಜಾಸ್ತಿ ಇದ್ದರೆ ಈಗಲೇ ಲೆಕ್ಕ ಹಾಕಿ.

ಅಪ್ಪ ಆಗಲೇ ಅವಳ ಕೈಗೆ ಕೋವಿ ಒರೆಸುವ ಎಣ್ಣೆ ಬಟ್ಟೆ ಕೊಟ್ಟಿದ್ದಾರೆ. ಚುನಾವಣೆ ಬಂದಾಗ ಠಾಣೆಗೆ ಹೊತ್ತು ಹೋಗಿ ಡಿಪಾಸಿಟ್ ಮಾಡೋದೂ ಇನ್ನು ಅವಳದ್ದೇ ಪಾಲು.