ಪುಟ್ಟೀ, ಕೀ ಪೆಟ್ಟಿಗೆ ಹೋಮ್‌ಸ್ಟೇ ನಡೆಸಲ್ಲ

ಪುಟ್ಟೀ, ಮನೆಯವರ ವಾಟ್ಸಾಪ್ ಗುಂಪಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡೋಣ ಅಂದರೆ ನಾನು ಒತ್ತಕ್ಷರ ಹುಡುಕುವಷ್ಟರಲ್ಲಿ ಒಲೆ ಮೇಲೆ ಹಾಲು ಉಕ್ಕುತ್ತದೆ. ಅದಕ್ಕೇ ಮಾತಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಮಧ್ಯೆ ಕುಕ್ಕರ್ ಕೂಗಿದರೆ ಬೇಜಾರು ಮಾಡ್ಕೋಬೇಡ.

ನೀನು ಕೇಳಿದ್ದು ಏನು? ಕೊಪ್ಪದ ಮನೆ ಸುಮ್ನೆ ಬೀಗ ಹಾಕಿ ಬಿದ್ದಿದೆ, ಹೋಮ್‌ಸ್ಟೇ ಮಾಡೋಣ. ಬಾಗಿಲ ಪಕ್ಕ ನಂಬರ್ ಒತ್ತಿದರೆ ತೆರೆಯುವ ಕೀ ಪೆಟ್ಟಿಗೆ ಹಾಕಿಸೋಣ. ಬೆಂಗಳೂರಿಂದಲೇ ಫೋನಲ್ಲಿ ನೋಡ್ಕೊಳ್ಳೋಣ. ದೊಡ್ಡಮ್ಮ, ನೀವು ಹೇಗೂ ಸಕಲೇಶಪುರದ ಕಡೆ ಹೋಮ್‌ಸ್ಟೇ ನಡೆಸ್ತಿದ್ದೀರಲ್ಲ, ಆರಾಮ ಅಲ್ವಾ? ಅದಕ್ಕೆ ನಿಮ್ಮಪ್ಪ ಹೆಬ್ಬೆಟ್ಟು ಎತ್ತಿದ್ದಾರೆ, ಶಿವಮೊಗ್ಗದ ಅತ್ತೆ ಸಾಲಾಗಿ ಹೂವು ಹಾಕಿದ್ದಾರೆ. ಹೂವು ಹಾಕಿದವರು ಯಾರೂ ಕೆಸರಲ್ಲಿ ಕಾರು ತಳ್ಳಿದವರಲ್ಲ.

ಫೋಟೋ ಹಾಕೋದು, ಬುಕ್ಕಿಂಗ್ ಬರೋದು, ದುಡ್ಡು ಅಕೌಂಟಿಗೆ ಬೀಳೋದು, ಇದೆಲ್ಲ ಫೋನಲ್ಲೇ ಆಗುತ್ತದೆ, ಇಲ್ಲ ಅನ್ನಲ್ಲ. ಆದರೆ ಬುಕ್ ಮಾಡಿದವರು ಮನೆ ಮುಟ್ಟಬೇಕಲ್ಲ? ನಮ್ಮ ಮುಕ್ಕಾಲು ಪಾಲು ಕಷ್ಟ ಇರೋದು ಹೈವೇಗೂ ನಮ್ಮ ಗೇಟಿಗೂ ಮಧ್ಯೆ.

ಫೋನಿನ ಮ್ಯಾಪ್ ಇದೆಯಲ್ಲ, ಅದಕ್ಕೆ ನಮ್ಮ ಮುಂದಿನ ಗೇಟು ಕಣ್ಣಿಗೇ ಬಿದ್ದಿಲ್ಲ. ಅದು ಎಲ್ಲರನ್ನೂ ಹಿಂದಿನ ತೋಟದ ರಸ್ತೆಗೆ ಕಳಿಸುತ್ತದೆ. ಕಾಫಿ ಮೂಟೆ ಸಾಗಿಸೋಕೆ ಟ್ರ್ಯಾಕ್ಟರ್ ಓಡಾಡುವ ದಾರಿ ಅದು. ಜೂನ್‌ನಿಂದ ಅಲ್ಲಿ ರಸ್ತೆ ಅನ್ನೋದೇ ಇರಲ್ಲ. ಒಮ್ಮೆ ರಾತ್ರಿ ಊಟದ ಹೊತ್ತಿಗೆ ಫೋನು.

"ಆಂಟಿ, ನಿಮ್ಮ ಮನೆ ಮುಂದೇನೇ ಇದ್ದೀವಿ, ಬಾಗಿಲು ತೆಗೀರಿ."

ನಾನು ಬಾಗಿಲಲ್ಲೇ ನಿಂತಿದ್ದೇನೆ, ಮುಂದೆ ನಾಯಿ ಬಿಟ್ಟರೆ ಯಾರೂ ಇಲ್ಲ.

"ಸುತ್ತಮುತ್ತ ಏನು ಕಾಣ್ತಿದೆ ಹೇಳಪ್ಪ."

"ಗಿಡ ಇದೆ ಆಂಟಿ."

"ಎಂಥ ಗಿಡ?"

"ಹಸಿರು ಗಿಡ."

ಸಕಲೇಶಪುರ ತಾಲೂಕಲ್ಲಿ ಹಸಿರು ಗಿಡ ಅಂದರೆ ಯಾವ ಕಡೆ ಅಂತ ಹೋಗೋದು ಹೇಳು? ಕೊನೆಗೆ ಹಾರ್ನ್ ಹೊಡಿ ಅಂದೆ. ಕೆಳಗಿನ ಗದ್ದೆ ಬದಿಯಿಂದ ಸದ್ದು ಬಂತು. ಹಿಂದಿನ ಚಕ್ರ ಅರ್ಧಕ್ಕರ್ಧ ಹೂತಿತ್ತು. ಆ ಹುಡುಗ ಆಕ್ಸಿಲೇಟರ್ ಒತ್ತಿದಷ್ಟೂ ಕಾರು ಇನ್ನಷ್ಟು ಕೆಳಗಿಳಿಯುತ್ತಿತ್ತು. ಪಕ್ಕದ ತೋಟದವರ ಜೀಪು ತರಿಸಿ, ಚೈನ್ ಕಟ್ಟಿ ಎಳೆಸಿದೆವು. ಎಳೆದವರಿಗೆ ಕಾಫಿ, ಎಳೆಸಿಕೊಂಡವರಿಗೆ ಬಿಸಿನೀರು, ಕಾಲಿನ ಇಂಬಳಕ್ಕೆ ಉಪ್ಪು. ಇಂಬಳ ನೋಡಿ ಆ ಹುಡುಗಿ ಕಿರುಚಿದ್ದಕ್ಕೆ ಕೊಟ್ಟಿಗೆಯ ದನ ಎದ್ದು ನಿಂತವು.

ಆಮೇಲೆ ನಿಮ್ಮ ದೊಡ್ಡಪ್ಪ ತಿರುವಲ್ಲಿ ಬೋರ್ಡ್ ನೆಡಿಸಿದರು. "ಮ್ಯಾಪ್ ನಂಬಬೇಡಿ, ಬಲಕ್ಕೆ ತಿರುಗಿ." ಮಳೆಗಾಲ ಮುಗಿಯುವ ಮೊದಲೇ ಆನೆ ಬಂದು ಕಂಬಕ್ಕೆ ಮೈ ಉಜ್ಜಿ ಬೋರ್ಡನ್ನು ಎಡಕ್ಕೆ ತಿರುಗಿಸಿಟ್ಟು ಹೋಯಿತು. ಆ ವಾರ ಬಂದವರು ಮ್ಯಾಪನ್ನೂ ನಂಬದೆ, ಬೋರ್ಡನ್ನು ನಂಬಿ, ಪಕ್ಕದ ತೋಟದ ಕೆಲಸದವರು ಇರುವ ಲೈನ್ ಮನೆ ಮುಂದೆ ಹೋಗಿ ಸೂಟ್‌ಕೇಸ್ ಇಳಿಸಿದ್ದರು. ಅಲ್ಲಿಯವರು ಪಾಪ, ಯಾರೋ ನೆಂಟರು ಅಂತ ಚಹಾ ಬೇರೆ ಕೊಟ್ಟಿದ್ದಾರೆ.

ಆನೆ ವಿಷಯಕ್ಕೆ ಬಂದರೆ, ನಮ್ಮ ಕಡೆ ಅರಣ್ಯ ಇಲಾಖೆಯವರು ಇವತ್ತು ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಕಳಿಸುತ್ತಾರೆ. ಅದನ್ನು ನೋಡಿ ನಾನು ಅತಿಥಿಗಳಿಗೆ "ಸಂಜೆ ಆರರ ಮೇಲೆ ಬರಬೇಡಿ, ಊರಲ್ಲೇ ಇರಿ" ಅಂತ ತಿಳಿಸಬೇಕು. ಎಷ್ಟು ಹೇಳಿದರೂ ಒಬ್ಬರು ಬಂದೇ ಬಂದರು. ದಾರೀಲಿ ನಿಂತು ಫೋನ್ ಮಾಡಿ, "ಮೇಡಂ, ನಿಮ್ಮ ಆನೆ ಅಡ್ಡ ನಿಂತಿದೆ, ಸ್ವಲ್ಪ ಪಕ್ಕಕ್ಕೆ ಕಳಿಸ್ತೀರಾ?" ಅಂದರು. ನಮ್ಮ ಆನೆಯಂತೆ! ಲೈಟ್ ಆರಿಸಿ, ಹಾರ್ನ್ ಮುಟ್ಟದೆ, ನಿಧಾನ ಹಿಂದಕ್ಕೆ ತಗೊಳ್ಳಿ ಅಂದೆ. ಆ ಮಾತು ಹೇಳುವಾಗ ನನ್ನ ಕೈ ನಡುಗುತ್ತಿತ್ತು, ಅದೊಂದು ಮಾತ್ರ ತಮಾಷೆ ಅಲ್ಲ.

ಇನ್ನು ಕೀ. ನಿನ್ನ ಪೆಟ್ಟಿಗೆ ಐಡಿಯಾ ಕೇಳಿ ನಿಮ್ಮ ದೊಡ್ಡಪ್ಪ ಯಾಕೆ ಗುಂಪಲ್ಲಿ ಸುಮ್ಮನಿದ್ದಾರೆ ಗೊತ್ತಾ? ಹೋದ ಮೇ ತಿಂಗಳು ಹಾಸನಕ್ಕೆ ಮದುವೆಗೆ ಹೊರಟರು, ಅಂಗಿ ಜೇಬಲ್ಲಿ ಮೇಲಿನ ಕೋಣೆ ಕೀ. ಅತಿಥಿಗಳು ಬಂದು ಜಗಲಿ ಮೇಲೆ ಕೂತಾಗ ಇವರು ಆಲೂರು ದಾಟಿದ್ದಾರೆ. ಎದುರಿಗೆ ಬಂದ ಬಸ್ಸಿನ ಕಂಡಕ್ಟರ್ ಕೈಗೆ ಕೀ ಕೊಟ್ಟು, ನಮ್ಮ ಸ್ಟಾಪಿನ ಅಂಗಡಿಯಲ್ಲಿ ಇಳಿಸಿ ಅಂದರಂತೆ. ಕಂಡಕ್ಟರ್ ದೇವರಂಥ ಮನುಷ್ಯ, ಸರಿಯಾಗಿ ಇಳಿಸಿದ. ಅಂಗಡಿಯವನು ಅದನ್ನು ಗಲ್ಲಾಪೆಟ್ಟಿಗೆಗೆ ಹಾಕಿ, ಬೀಗ ಜಡಿದು, ಊಟಕ್ಕೆ ಮನೆಗೆ ಹೋದ. ಊಟ ಆದಮೇಲೆ ಅವನಿಗೆ ನಿದ್ದೆ ಬೇಕೇ ಬೇಕು.

ಅಷ್ಟು ಹೊತ್ತು ನಾಲ್ಕು ಜನರನ್ನು ಹೇಗೆ ಕೂರಿಸಿಕೊಳ್ಳಲಿ? ಅಡುಗೆಮನೆಯಲ್ಲಿ ಹಲಸಿನಹಣ್ಣು ಬಿಡಿಸುತ್ತಿದ್ದೆ, ಬನ್ನಿ ಅಂದೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ ಅಂತಲೂ ಹೇಳಿದೆ. ಒಬ್ಬನಿಗೆ ಅವಸರ. ಬರಿಗೈಲಿ ಹಲಸು ಮುಟ್ಟಿ, ಅದೇ ಕೈಲಿ ಫೋಟೋ ತೆಗೆಯೋಕೆ ಹೋದ. ಮೇಣ ಮೊದಲು ಬೆರಳಿಗೆ, ಬೆರಳಿಂದ ಫೋನಿನ ಗಾಜಿಗೆ, ಗಾಜಿಂದ ಗಡ್ಡಕ್ಕೆ. ಫೋನು ಕಿವಿಗೆ ಹಿಡಿದರೆ ಕೂದಲು ಬಿಡುತ್ತಿಲ್ಲ. ನಾನು ಎಣ್ಣೆ ಬಟ್ಟಲು ಹಿಡಿದು ಅವನ ಕೆನ್ನೆ ತಿಕ್ಕುತ್ತಿದ್ದರೆ ಅವನ ಹೆಂಡತಿ ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಳು. ಕೀ ಬಂದಾಗ ಯಾರಿಗೂ ಕೋಣೆ ಬೇಕಿರಲಿಲ್ಲ, ಇನ್ನಷ್ಟು ತೊಳೆ ಬೇಕಿತ್ತು.

ನಿನ್ನ ಪೆಟ್ಟಿಗೆ ಇದ್ದಿದ್ದರೆ ಕೀ ತಾಪತ್ರಯ ಇರುತ್ತಿರಲಿಲ್ಲ, ಒಪ್ಪಿದೆ. ಈಗ ನೀರಿನ ವಿಷಯ ಕೇಳು.

ನಮ್ಮ ಮನೆಗೆ ನೀರು ಬರೋದು ಮೇಲಿನ ಕಾಡಿನ ಒರತೆಯಿಂದ, ಪೈಪಲ್ಲಿ ತಾನಾಗಿ ಇಳಿದು ಬರುತ್ತದೆ. ಮೋಟಾರ್ ಬೇಡ, ಕರೆಂಟ್ ಬೇಡ. ಕೊಪ್ಪದ ಮನೆಗೂ ಅಜ್ಜ ಹಾಗೇ ಮಾಡಿಸಿದ್ದಾರೆ, ನಿಮ್ಮಪ್ಪನಿಗೆ ಗೊತ್ತು. ಒಂದು ಭಾನುವಾರ ಮೇಲಿಂದ ಒಬ್ಬರು "ಅಮ್ಮಾ" ಅಂತ ಕೂಗಿದರು. ತಲೆ ತುಂಬ ಶಾಂಪೂ, ನಲ್ಲಿಯಲ್ಲಿ ಗಾಳಿ. ಹಂಡೆ ನೀರು ಒಂದು ಬಕೆಟ್ ಮೇಲೆ ಕಳಿಸಿ, ನಾನೂ ನಿಮ್ಮಣ್ಣನೂ ಕತ್ತಿ ಹಿಡಿದು ಪೈಪಿನ ಜಾಡು ಹಿಡಿದು ಹತ್ತಿದೆವು. ಜಾಯಿಂಟ್ ಬಿಚ್ಚಿದರೆ ಮೊದಲು ಗೊರಗೊರ ಸದ್ದು. ಆಮೇಲೆ ಕೊಳೆತ ಎಲೆ, ಕಪ್ಪು ನೀರು. ಆಮೇಲೆ ಒಂದು ಏಡಿ. ಎರಡು ಕೊಂಬೂ ಎತ್ತಿಕೊಂಡು, ನನ್ನ ಮನೆ ಯಾಕೆ ಒಡೆದ್ರಿ ಅನ್ನೋ ಹಾಗೆ ನಮ್ಮನ್ನೇ ನೋಡುತ್ತಿದೆ. ಅದನ್ನು ಬಿಟ್ಟು, ಪೈಪಿನ ಬಾಯಿಗೆ ಹೊಸ ಜಾಲರಿ ಕಟ್ಟಿ ಬಂದೆವು. ಈಗ ಹೇಳು, ಇದನ್ನು ನೀನು ಜಯನಗರದಿಂದ ಯಾವ ಆ್ಯಪಲ್ಲಿ ಬಿಚ್ಚುತ್ತೀಯ?

ನನಗೆ ತುಂಬ ಇಷ್ಟದ ಕತೆ ಒಂದಿದೆ. ಅಣ್ಣನ ಹತ್ತಿರ ಕೇಳಿರಬಹುದು, ಅವನು ಜಾಸ್ತಿ ಉಪ್ಪುಖಾರ ಹಾಕುತ್ತಾನೆ, ನನ್ನದು ಸರಿಯಾದ್ದು. ಬೆಳಗಾವಿ ಕಡೆಯ ಜೈನರ ಒಂದು ಕುಟುಂಬ. ಧರ್ಮಸ್ಥಳ, ವೇಣೂರು, ಮೂಡುಬಿದಿರೆ ನೋಡ್ಕೊಂಡು, ರಾತ್ರಿ ನಮ್ಮಲ್ಲಿ ತಂಗಿ, ಬೆಳಿಗ್ಗೆ ಶ್ರವಣಬೆಳಗೊಳಕ್ಕೆ ಹೋಗುವವರು. ಮೊದಲೇ ಫೋನ್ ಮಾಡಿ ಚೆನ್ನಾಗಿ ಹೇಳಿದ್ದರು. ಈರುಳ್ಳಿ ಬೆಳ್ಳುಳ್ಳಿ ಬೇಡ, ನೆಲದೊಳಗೆ ಬೆಳೆಯುವ ಗೆಡ್ಡೆ ಯಾವುದೂ ಬೇಡ, ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ. ಸರಿ ಅಂತ ಹಿತ್ತಲಿಗೆ ಹೋದೆ. ಬಾಳೆಕಾಯಿ ಪಲ್ಯ, ಸೌತೆಕಾಯಿ ಮಜ್ಜಿಗೆಹುಳಿ, ಅಕ್ಕಿರೊಟ್ಟಿ. ಹುಳಿಗೆ ಶುಂಠಿ ಜಜ್ಜಿದವಳು ಕೈಲಿ ಹಿಡಿದು ಯೋಚಿಸಿದೆ. ಇದೂ ನೆಲದೊಳಗಿಂದಲೇ ಅಲ್ವಾ? ಪಕ್ಕಕ್ಕಿಟ್ಟೆ.

ಐದೂವರೆಗೆ ಫೋನು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಾರೆ, ಮುಂದೆ ಗ್ಯಾಸಿನ ಬುಲೆಟ್ ಟ್ಯಾಂಕರ್ ತಿರುವಲ್ಲಿ ಅಡ್ಡ ಕೆಟ್ಟು ನಿಂತಿದೆ, ಎರಡೂ ಕಡೆ ಸಾಲು. ಕಾರಲ್ಲಿ ವಯಸ್ಸಾದ ಅಜ್ಜಿ. ಮಧ್ಯಾಹ್ನ ಸರಿಯಾಗಿ ಊಟ ಆಗಿಲ್ಲ. ಸೂರ್ಯ ಮುಳುಗಿತು ಅಂದರೆ ಆಮೇಲೆ ಬೆಳಿಗ್ಗೆವರೆಗೆ ನೀರೂ ಮುಟ್ಟಲ್ಲ. ಜುಲೈ ತಿಂಗಳು, ಸೂರ್ಯ ಮುಳುಗೋದು ಏಳರ ಹತ್ತಿರ. ಮಳೆಮೋಡದಲ್ಲಿ ಸೂರ್ಯ ಎಲ್ಲಿದ್ದಾನೆ ಅಂತಾನೇ ಗೊತ್ತಾಗಲ್ಲ, ಅದು ಬೇರೆ ಮಾತು.

ನಿಮ್ಮ ದೊಡ್ಡಪ್ಪ ಕ್ಯಾಲೆಂಡರ್ ನೋಡಿದರು, ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. ನಾನು ಟಿಫಿನ್ ಕ್ಯಾರಿಯರ್ ತೆಗೆದೆ. ಮದುವೆಗೆ ನನ್ನಮ್ಮ ಕೊಟ್ಟದ್ದು, ಐದು ಬಟ್ಟಲಿನ ಹಿತ್ತಾಳೆದು. ಕೆಳಗೆ ಹುಳಿ, ಮೇಲೆ ಅನ್ನ, ಪಲ್ಯ, ಬಾಳೆಲೆಯಲ್ಲಿ ಸುತ್ತಿದ ರೊಟ್ಟಿ. ನಿಮ್ಮಣ್ಣ ಬೈಕ್ ಮೇಲೆ, ಮಳೆಕೋಟಿನ ಒಳಗೆ ಕ್ಯಾರಿಯರ್ ಅಪ್ಪಿಕೊಂಡು ಹೊರಟ. ಮಾರನಹಳ್ಳಿ ದಾಟಿ, ಲಾರಿಗಳ ಸಂದಿಯಲ್ಲಿ ನುಗ್ಗಿ, ಟ್ಯಾಂಕರ್ ಪಕ್ಕದಲ್ಲಿ ಬೈಕ್ ತಳ್ಳಿಕೊಂಡು ಅವರ ಕಾರು ಮುಟ್ಟಿದಾಗ ಆರೂವರೆ ದಾಟಿತ್ತಂತೆ. ಅಜ್ಜಿ ಕಾರಿನಲ್ಲೇ ಕಾಲು ಮಡಚಿ ಕೂತು, ಮೊಮ್ಮಗ ಬಾಗಿಲಿಗೆ ಕೊಡೆ ಹಿಡಿದು, ಎಲ್ಲರೂ ಊಟ ಮುಗಿಸಿ, ಕೊನೆಗೆ ಬಾಟಲಿ ಎತ್ತಿ ನೀರು ಕುಡಿದರಂತೆ. ಅಜ್ಜಿ ಮೊದಲು ಕೇಳಿದ್ದು ಹುಳಿಗೆ ಶುಂಠಿ ಹಾಕಿದ್ದೀರಾ ಅಂತ. ಆ ಕತೆಯಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಅದು.

ಇದನ್ನೆಲ್ಲ ಹಿಂದಿನ ಲಾರಿಯವನು ನೋಡುತ್ತಿದ್ದನಲ್ಲ, ಇಳಿದು ಬಂದು "ಪಾರ್ಸೆಲ್ ಎಷ್ಟು?" ಅಂದ. ಅವನ ಹಿಂದೆ ಇನ್ನಿಬ್ಬರು. ನಿಮ್ಮಣ್ಣ ಬುದ್ಧಿವಂತ, ಉಳಿದಿದ್ದ ರೊಟ್ಟಿ ಹಂಚಿ, ನಮ್ಮ ಹೋಮ್‌ಸ್ಟೇ ಕಾರ್ಡೂ ಕೊಟ್ಟು ಬಂದಿದ್ದಾನೆ. ಕುಟುಂಬ ನಮ್ಮನೆ ಮುಟ್ಟಿದ್ದು ರಾತ್ರಿ ಹನ್ನೊಂದಕ್ಕೆ.

ಹೆಚ್ಚಿನ ವರ್ಷ ಕತೆ ಇಷ್ಟಕ್ಕೇ ಮುಗಿಯುತ್ತದೆ. 2024ರ ಜುಲೈ ಹಾಗಿರಲಿಲ್ಲ. ದೊಡ್ಡತಪ್ಪಲೆ ಹತ್ತಿರ ಹೈವೇ ಮೇಲೆ ಗುಡ್ಡ ಕುಸಿಯಿತು. ಆ ತಿಂಗಳ ಕೊನೆಗೆ ಯಡಕುಮರಿ ಮತ್ತು ಕಡಗರವಳ್ಳಿ ಮಧ್ಯೆ ರೈಲು ಹಳಿ ಕೆಳಗಿನ ಮಣ್ಣೇ ಜಾರಿತು. ಆಗಸ್ಟ್ ಬರುವವರೆಗೂ ಆ ದಾರಿಯಲ್ಲಿ ಪ್ರಯಾಣಿಕರ ರೈಲು ಓಡಲಿಲ್ಲ. ಮಂಗಳೂರಿನ ಗಂಡ ಹೆಂಡತಿ ನಮ್ಮಲ್ಲೇ ಸಿಕ್ಕಿಬಿದ್ದರು. ಬರಬೇಕಾದವರು ಬರಲಿಲ್ಲ, ಹೋಗಬೇಕಾದವರು ಹೋಗಲಿಲ್ಲ. ಕರೆಂಟ್ ಇಲ್ಲ, ಲೈನ್‌ಮ್ಯಾನ್ ಪಾಪ ಬಿದ್ದ ಮರ ಎಣಿಸುತ್ತಾ ತಿರುಗುತ್ತಿದ್ದ. ಅವರ ಹತ್ತಿರ ಉಳಿದ ದಿನಗಳ ಬಾಡಿಗೆ ತಗೊಳ್ಳೋಕೆ ಮನಸ್ಸು ಬರಲಿಲ್ಲ. ಅವರಿಗೂ ಸುಮ್ಮನೆ ಕೂತು ತಿನ್ನೋಕೆ ನಾಚಿಕೆ. ಆಕೆ ನನಗೆ ನೀರುದೋಸೆ ಹಿಟ್ಟಿನ ಹದ ಹೇಳಿಕೊಟ್ಟಳು, ಆತ ಒದ್ದೆ ಸೌದೆಗೆ ಊದಿ ಊದಿ ಹಂಡೆ ಕಾಯಿಸುತ್ತಿದ್ದ. ಅದೇ ಹೊತ್ತಿಗೆ ಬುಕ್ಕಿಂಗ್ ಆ್ಯಪಿನಿಂದ "ನಿಮ್ಮ ಉತ್ತರ ತಡವಾಗುತ್ತಿದೆ" ಅಂತ ಎಚ್ಚರಿಕೆ ಬಂತು. ಟವರೇ ಸತ್ತಿತ್ತು, ಉತ್ತರ ಎಲ್ಲಿಂದ ಬರಬೇಕು?

ಟವರ್ ಅಂದಾಗ ನೆನಪಾಯಿತು. ಹೊರದೇಶದವರು ಬಂದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಅವರ ವಿವರದ ಫಾರಂ ಆನ್‌ಲೈನಲ್ಲಿ ತುಂಬಿ ಸರ್ಕಾರಕ್ಕೆ ಕಳಿಸಲೇಬೇಕು, ಅದು ಕಾನೂನು. ಮನೇಲಿ ಮಾತಿಗೆ ಸಿಗ್ನಲ್ ಇದ್ದರೂ ನಮಗೆ ಇಂಟರ್ನೆಟ್ ಸರಿಯಾಗಿ ಸಿಗೋದು ಕೊಟ್ಟಿಗೆ ಹಿಂದಿನ ಬಂಡೆ ಮೇಲೆ ಮಾತ್ರ. ಫ್ರಾನ್ಸಿನವನೊಬ್ಬ ಮಳೆಯಲ್ಲಿ ನನಗೆ ಕೊಡೆ ಹಿಡಿದು ನಿಂತ, ನಾನು ಬಂಡೆ ಮೇಲೆ ಕೂತು ಅವನ ಪಾಸ್‌ಪೋರ್ಟ್ ನಂಬರ್ ಒತ್ತಿದೆ. ಕರು ಅವನ ಅಂಗಿ ತುದಿ ಮೇಯುತ್ತಿತ್ತು.

ರಿವ್ಯೂ ಬಗ್ಗೆ ಹೆಚ್ಚು ಹೇಳಲ್ಲ. ಹಗಲಿಡೀ ಮಂಜು ಇತ್ತು, ಫೋಟೋದಲ್ಲಿದ್ದ ಬೆಟ್ಟ ಕಾಣಲಿಲ್ಲ, ಮೂರು ಸ್ಟಾರ್. ರಾತ್ರಿ ಕಪ್ಪೆ ಸದ್ದು ಜಾಸ್ತಿ, ಮಾಲೀಕರು ಕ್ರಮ ತಗೊಳ್ಳಬೇಕು, ಎರಡು ಸ್ಟಾರ್. ಕಪ್ಪೆಗೆ ನಾನು ನೋಟಿಸ್ ಕೊಡಲಾ?

ಈಗ ನಿನ್ನ ವಿಷಯ. ಹೋಮ್‌ಸ್ಟೇ ಅಂದರೆ ಮನೆಯವರು ಅಲ್ಲೇ ವಾಸ ಇರಬೇಕು ಅನ್ನೋದೇ ನಿಯಮ. ಪ್ರವಾಸೋದ್ಯಮ ಇಲಾಖೆಯ ನೋಂದಣಿಗೆ ಹೋದರೆ ಮೊದಲು ಕೇಳೋದೇ ಅದು, ಪೊಲೀಸರೂ ಬಂದು ನೋಡುತ್ತಾರೆ. ಉಡುಪಿ ಕಡೆಯಿಂದ ಕೊಪ್ಪಕ್ಕೆ ಬರುವವರು ಆಗುಂಬೆ ಘಾಟಿ ಹತ್ತಬೇಕು. 14 ತಿರುವು ಮುಗಿಸಿ ಕಾರಿಂದ ಇಳಿದವರಿಗೆ ಬೇಕಾಗೋದು ಕೀ ನಂಬರ್ ಅಲ್ಲ, ಒಂದು ಲೋಟ ನಿಂಬೆ ಶರಬತ್ತು, ಕೂರೋಕೆ ಜಗಲಿ. ಅದಕ್ಕೆ ಅಲ್ಲೊಬ್ಬರು ಮನುಷ್ಯರು ಬೇಕು. ಚಿಕ್ಕಮ್ಮ ಹೇಗೂ ರಿಟೈರ್ ಆಗಿದ್ದಾರೆ, ಅಲ್ಲೇ ಹೋಗಿ ಇರ್ತೀನಿ ಅಂತ ಒಪ್ಪಿದರೆ ಮಾಡು, ನಾನೇ ಬಂದು ಅಡುಗೆಮನೆ ಸಜ್ಜು ಮಾಡಿಕೊಡುತ್ತೇನೆ. ಅವರು ಒಲ್ಲೆ ಅಂದರೆ ಬಿಡು, ಬಾಡಿಗೆಗೆ ಕೊಡು. ನಿಮ್ಮಪ್ಪ ಹೆಬ್ಬೆಟ್ಟು ಎತ್ತಿದರು ಅಂತ ಸಾಲ ಗೀಲ ಮಾಡ್ಕೋಬೇಡ.

ಅದಕ್ಕೂ ಮೊದಲು ಈ ಜುಲೈಯಲ್ಲಿ ರಜೆ ಹಾಕಿ ಇಲ್ಲಿಗೆ ಬಂದು ಒಂದಷ್ಟು ದಿನ ಇರು. ಅತಿಥಿಗಳು ದಾರಿ ಕೇಳೋ ಫೋನು ನಿನ್ನ ಕೈಲಿ ಕೊಡುತ್ತೇನೆ, ನಾನು ಧರ್ಮಸ್ಥಳಕ್ಕೆ ಹೋಗಿ ಬರುತ್ತೇನೆ. ಬರುವಾಗ ಇನ್ವರ್ಟರ್‌ಗೆ ಡಿಸ್ಟಿಲ್ಡ್ ವಾಟರ್ ಐದು ಲೀಟರಿನ ಕ್ಯಾನ್ ತಾ, ಇಲ್ಲಿ ಸ್ಟಾಕ್ ಇಲ್ಲವಂತೆ. ಮ್ಯಾಪ್ ಹಾಕ್ಕೊಂಡು ಬರಬೇಡ, ಹೈವೇ ಮೇಲಿನ ಅಂಗಡಿ ಹತ್ತಿರ ನಿಂತು ಫೋನ್ ಮಾಡು. ಮಧ್ಯಾಹ್ನ ಬಂದರೆ ಮಾತ್ರ ಅಂಗಡಿಯವನನ್ನು ಎಬ್ಬಿಸಬೇಡ.