ಎಲ್ಲ ಕುಸಿದು ಬಿದ್ದರೆ ಎಲ್ಲಿರಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಬೆಂಗಳೂರು

ನನಗೆ 42. ಮನೆ ವರ್ತೂರು ಕಡೆ. ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಅಮ್ಮನಿಗೆ 71, ಶುಗರ್ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್. 2024ರ ಮಾರ್ಚ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ಗಳೆಲ್ಲ ಕೈಕೊಟ್ಟವು. ರಾತ್ರಿ ಹನ್ನೊಂದರ ಮೇಲೆ ಟ್ಯಾಂಕರ್ ಬರುತ್ತಿತ್ತು. ಒಂದು ದಿನ ಅದೂ ಬರಲಿಲ್ಲ. ಎರಡು ದಿನದ ಪಾತ್ರೆ ಸಿಂಕಿನಲ್ಲಿ ಹಾಗೇ ಇತ್ತು. ಆವತ್ತಿನಿಂದ ತಲೆಯಲ್ಲಿ ಹುಳ ಹೊಕ್ಕಿದೆ. ಕರೆಂಟು, ಡೀಸೆಲ್, ಬ್ಯಾಂಕು, ಅಂಗಡಿ ಎಲ್ಲ ಒಟ್ಟಿಗೆ ತಿಂಗಳುಗಟ್ಟಲೆ ನಿಂತುಹೋದರೆ ನಾವು ಎಲ್ಲಿದ್ದರೆ ಬದುಕಿಕೊಳ್ಳುತ್ತೇವೆ?

ಕೈಯಲ್ಲಿ ಮೂರು ದಾರಿ ಇವೆ. ಇಲ್ಲೇ ಇರುವುದು. ಸಕಲೇಶಪುರದ ಹತ್ತಿರ ಗುಡ್ಡದ ಮೇಲೆ ಎರಡು ಎಕರೆ ಕಾಫಿ ತೋಟ ನೋಡಿದ್ದೇನೆ, ಅದನ್ನು ತಗೊಳ್ಳುವುದು. ಅಥವಾ ಶ್ರೀರಂಗಪಟ್ಟಣ ತಾಲ್ಲೂಕಿನ ನಮ್ಮೂರಿಗೆ ಹೋಗುವುದು. ಊರಲ್ಲಿ ಹಳೇ ಮನೆ, ಹೂಳು ತುಂಬಿದ ಬಾವಿ, ಚಿಕ್ಕಪ್ಪನ ಮಗನ ಜೊತೆ ಇನ್ನೂ ಭಾಗವಾಗದ ಒಂದೂವರೆ ಎಕರೆ ಇದೆ. ತೋಟಕ್ಕೆ ಅಡ್ವಾನ್ಸ್ ಕೊಡುವ ಮುಂಚೆ ಕೇಳೋಣ ಅನ್ನಿಸಿತು. ಹುಚ್ಚು ಅಂತ ನಗಬೇಡಿ, ಹೆಂಡತಿ ಆಗಲೇ ನಕ್ಕಾಗಿದೆ.

ಸಾಗರ ತಾಲ್ಲೂಕಿನಿಂದ

ನಗುವುದಿಲ್ಲ. ಆದರೆ ಮಲೆನಾಡಿನ ಬಗ್ಗೆ ನಿಮ್ಮ ತಲೆಯಲ್ಲಿರುವುದು ಡಿಸೆಂಬರ್ ತಿಂಗಳ ಮಲೆನಾಡು. ಜುಲೈಯಲ್ಲಿ ಬಂದು ಹದಿನೈದು ದಿನ ಇದ್ದು ನೋಡಿ. ಶರಾವತಿಯಿಂದ ಸಾವಿರ ಮೆಗಾವ್ಯಾಟ್ ಕರೆಂಟು ಮಾಡಿ ನಿಮ್ಮೂರಿಗೆ ಕಳಿಸುವ ಸೀಮೆ ನಮ್ಮದು. ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ನಮ್ಮನೆಗೆ ವಾರಗಟ್ಟಲೆ ಕರೆಂಟಿಲ್ಲ. ಲೈನ್‌ಮನ್ ಒಬ್ಬ, ಅವನಿಗೆ ಹಳ್ಳಿ ಇಪ್ಪತ್ತು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ: ನೀರು. ನಮ್ಮದು ಅಬ್ಬಿ ನೀರು. ಗುಡ್ಡದ ಮೇಲಿನ ಒರತೆಗೆ ಪೈಪು ಕೊಟ್ಟಿದ್ದೇವೆ, ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿತ್ತು. ಪಂಪಿಲ್ಲ, ಸ್ವಿಚ್ಚಿಲ್ಲ, ಬಚ್ಚಲ ಹಂಡೆಗೆ ತಾನಾಗಿ ಬಂದು ಬೀಳುತ್ತದೆ. ನೀವು ನೋಡಿದ ತೋಟದಲ್ಲಿ ಇಂಥದ್ದಿದ್ದರೆ ಏಪ್ರಿಲ್ ಕೊನೆಯ ವಾರ ಹೋಗಿ, ಬಕೆಟ್ ಇಟ್ಟು, ತುಂಬಲು ಎಷ್ಟು ಹೊತ್ತಾಗುತ್ತದೆ ಗಡಿಯಾರ ಹಿಡಿದು ನೋಡಿ. ಜನವರಿಯಲ್ಲಿ ತೋರಿಸುವ ನೀರನ್ನು ನಂಬಬೇಡಿ.

ಈಗ ಉಳಿದದ್ದು. ತೋಟದ ನಡುವೆ ಕೂತು ನಾವು ಊಟ ಮಾಡುವ ಅಕ್ಕಿ ಅಂಗಡಿಯದ್ದು. ಗದ್ದೆ ಇದ್ದದ್ದನ್ನೆಲ್ಲ ಅಡಿಕೆ ಮಾಡಿ ಮೂವತ್ತು ವರ್ಷವಾಯಿತು. ಅಡಿಕೆ ತಿಂದು ಹೊಟ್ಟೆ ತುಂಬುವುದಿಲ್ಲ, ಕಾಫಿಯೂ ಅಷ್ಟೇ. ಲಾರಿ ನಿಂತರೆ ಮಲೆನಾಡಿನ ತೋಟದವನು ಬೆಂಗಳೂರಿನವನಿಗಿಂತ ಒಂದು ವಾರ ಹೆಚ್ಚು ಬದುಕಿಯಾನು, ಹಲಸಿನಕಾಯಿ ಕಾಲವಾದರೆ ಎರಡು ತಿಂಗಳು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು, ಅದಕ್ಕೆ ಮೈಲುತುತ್ತ ಹೊರಗಿಂದ ಬರಬೇಕು. ಮರ ಹತ್ತುವ ಕೊನೆಗೌಡ ಈಗಲೇ ಸಿಗುವುದಿಲ್ಲ. ಮಂಗನ ಕಾಯಿಲೆ ಬೇರೆ. 1957ರಲ್ಲಿ ಮೊದಲು ಕಂಡದ್ದು ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲೇ, ಇವತ್ತಿಗೂ ಬೇಸಿಗೆ ಹತ್ತಿರ ಬಂದರೆ ಸೊಪ್ಪು ದರಗು ತರಲು ಹೋಗುವವರು ಉಣುಗು ಕಚ್ಚದ ಹಾಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗುವುದು. ಉಣುಗು ಕಚ್ಚಿ ಜ್ವರ ಬಂದರೆ ದೊಡ್ಡಾಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ? ಇನ್ಸುಲಿನ್ ಇಡಲು ಫ್ರಿಜ್ಜಿಗೆ ಕರೆಂಟು? ನಿಮ್ಮ ಅಮ್ಮನನ್ನು ಎದುರಿಗಿಟ್ಟುಕೊಂಡು ಯೋಚಿಸಿ.

ಮಡಿಕೇರಿ ಹತ್ತಿರದಿಂದ

ಒಂದೇ ಮಾತು. ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಮನೆ ಇದ್ದರೆ ತಗೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು ಎಂದು ಎಲ್ಲರೂ ಟೀವಿಯಲ್ಲಿ ನೋಡಿದ್ದೀರಿ. ನಮ್ಮ ಅತ್ತೆಯ ಮನೆಯ ಅಂಗಳದಲ್ಲಿ ಹಿಂದಿನ ದಿನ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು, ಬಾವಿ ನೀರು ಕೆಂಪಾಗಿತ್ತು. ಮಾವ ಬೈಯುತ್ತಿದ್ದರೂ ಅತ್ತೆ ಹಟ ಮಾಡಿ ಎಲ್ಲರನ್ನೂ ಹೊರಡಿಸಿದರು. ಮರುದಿನ ಅಂಗಳ ಇರಲಿಲ್ಲ. ಸಕಲೇಶಪುರದಲ್ಲಿ ಆನೆಯ ಕಥೆ ಬೇರೆ ಇದೆ, ಅದನ್ನು ಅಲ್ಲಿಯವರೇ ಹೇಳಲಿ.

ಬೆಂಗಳೂರು, ಬಸವನಗುಡಿ

ನಾನು ಬೇರೆ ಹೇಳುತ್ತೇನೆ, ಸಿಟ್ಟಾಗಬೇಡಿ. ಕಷ್ಟ ಬಂದಾಗ ಸರ್ಕಾರ ಮೊದಲು ಕಾಯುವುದು ದೊಡ್ಡ ಊರನ್ನು. 1943ರ ಬಂಗಾಳದ ಬರದಲ್ಲಿ ಕಲ್ಕತ್ತೆಯ ಕಾರ್ಖಾನೆ, ಕಚೇರಿಯವರಿಗೆ ಅಕ್ಕಿ ಸಿಕ್ಕಿತು. ಅಕ್ಕಿ ಬೆಳೆಯುವ ಹಳ್ಳಿಯವರು ಅದೇ ಕಲ್ಕತ್ತೆಯ ಬೀದಿಗೆ ಬಂದು ಸತ್ತರು. ದೂರ ಯಾಕೆ, 2023ರಲ್ಲಿ ಮಳೆ ಹೋದಾಗ ಕೆಆರ್‌ಎಸ್ ನಾಲೆಗೆ ನೀರಿಲ್ಲ ಅಂದರು, ಬೆಂಗಳೂರಿನ ಕಾವೇರಿ ನಲ್ಲಿ ನಿಂತಿತೇ? ನಿಮ್ಮ ವರ್ತೂರಿಗೆ ಆಗ ಕಾವೇರಿ ಲೈನೇ ಸರಿಯಾಗಿ ಇರಲಿಲ್ಲ, ಅದಕ್ಕೆ ಬೋರ್ ಬತ್ತಿದ ಕೂಡಲೇ ಒದ್ದಾಡಿದಿರಿ. ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರ್. ನಿಮ್ಮ ಮನೆಗೆ ಸಂಪರ್ಕ ಬಂತೋ ಇಲ್ಲವೋ ಮೊದಲು ಅದನ್ನು ನೋಡಿ. ಊರು ಬಿಡುವುದಕ್ಕಿಂತ ನೀರಿನ ಲೈನಿರುವ ಬಡಾವಣೆಗೆ ಹೋಗುವುದು ಅಗ್ಗ.

ಸಾಗರದವರೇ ಮತ್ತೆ

ಒಪ್ಪಿದೆ, ಅರ್ಧ. ಆ ಕಾವೇರಿ ನೀರು ತೊರೆಕಾಡನಹಳ್ಳಿಯ ಪಂಪ್‌ಹೌಸಿನಿಂದ ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಐನೂರು ಮೀಟರ್ ಎತ್ತರಕ್ಕೆ ಏರಿ ಬರುವುದು. ಪಂಪು ನಿಂತ ದಿನ? ಬರಗಾಲಕ್ಕೆ ನಿಮ್ಮ ಲೆಕ್ಕ ಸರಿ, ಕರೆಂಟೇ ಹೋದರೆ ಸರಿಯಲ್ಲ.

ಬೆಂಗಳೂರು, ಬಸವನಗುಡಿ

ಕರೆಂಟೇ ತಿಂಗಳುಗಟ್ಟಲೆ ಹೋದರೆ ನಾನು ನಿಮ್ಮನೆಗೇ ಬರುವುದು, ಅಬ್ಬಿ ನೀರು ಕುಡಿಯೋಕೆ.

ಗಂಗಾವತಿ ಕಡಿಂದ

ನೋಡ್ರಿ, ನಮ್ಮದು ಭತ್ತದ ಸೀಮಿ. ಊಟಕ್ಕ ಕೊರತಿ ಇಲ್ಲ ಅಂತ ನಾವೂ ಅಂದ್ಕೊಂಡಿದ್ವಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಹರೀತು, ಗೇಟು ಕೊಚ್ಕೊಂಡು ಹೋತು. ನಾಟಿ ಮಾಡಿದ ಗದ್ದಿ ಮುಂದ ನಿಂತು ಎಲ್ಲಾರೂ ಮೊಬೈಲ್ ನೋಡ್ಕೊಂತ ನಿಂತಿದ್ವಿ. ಒಂದು ಚೈನು, ಅದರ ಮ್ಯಾಲ ನಮ್ಮ ಇಡೀ ಜಿಲ್ಲಾದ ಅನ್ನ. ವಾರದಾಗ ತಾತ್ಕಾಲಿಕ ಗೇಟ್ ಕೂಡ್ಸಿದ್ರು, ಪುಣ್ಯ.

ಆದ್ರ ಅದೇ ಹೊಳಿ ಮ್ಯಾಲ ಇನ್ನೊಂದು ಐತಿ. ಆನೆಗುಂದಿ ಕಾಲುವೆ, ಆ ದಂಡಿಗೆ ತುರ್ತಾ ಕಾಲುವೆ. ವಿಜಯನಗರದ ಅರಸರು ಮಾಡ್ಸಿದ್ದು. ಕಲ್ಲಿನ ಒಡ್ಡು ಹಾಕಿ ನೀರು ಹೊಳ್ಳಿಸ್ಯಾರ, ಮೋಟಾರಿಲ್ಲ ಏನಿಲ್ಲ, ಇಳಿಜಾರಿಗೆ ತಾನ ಹರೀತೈತಿ. 1565ರಾಗ ಹಂಪಿ ಹಾಳಾತು, ಅರಸ ಹೋದ, ಪ್ಯಾಟಿ ಹೋತು. ಬಾಳಿ ತ್ವಾಟ ಇವತ್ತಿಗೂ ಆ ನೀರಾಗ ಐತಿ. ನೀವು ಕುಸಿದು ಬೀಳೋದು ಅಂತೀರಲ್ರೀ, ಕುಸಿದು ಬಿದ್ದ ಊರು ನೋಡಬೇಕಂದ್ರ ಹಂಪಿಗೆ ಬರ್ರಿ, ಅಲ್ಲಿ ಯಾವುದು ಉಳೀತು ಅಂತ ನೋಡ್ರಿ. ನಿಮ್ಮ ಶ್ರೀರಂಗಪಟ್ಟಣದ ಕಡೇನೂ ಹಂಥಾ ಹಳೇ ನಾಲಿ ಅದಾವ ಅಂತ ಕೇಳೀನಿ.

ಕಾಳು ಇಡೋದರ ಬಗ್ಗೆ ಒಂದು. ನಮ್ಮ ಅಜ್ಜನ ಮನಿಯಾಗ ಹಗೇವು ಇತ್ತು. ನೆಲದಾಗ ತೋಡಿ, ಒಳಗ ಹುಲ್ಲು ಹೊದ್ದಿಸಿ, ಜೋಳ ತುಂಬಿ ಬಾಯಿ ಮುಚ್ಚೋರು. ಮ್ಯಾಲ ಅಂಗಳ ಸಾರಿಸಿಬಿಟ್ರ ಹೊಸಬರಿಗೆ ಗೊತ್ತ ಆಗಂಗಿಲ್ಲ. ಈಗ ನಮ್ಮ ಊರಾಗ ಒಂದೂ ಉಳಿದಿಲ್ಲ.

ತುರುವೇಕೆರೆ ಸೀಮೆಯಿಂದ

ಸಾರ್, ಯಾರೂ ಹೇಳದ್ದನ್ನು ನಾನು ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಮ್ಮೂರ ರಸ್ತೆಗೆ ಜಾಲಿ ಮುಳ್ಳು ಎಳೆದು ಹಾಕಿದವರಲ್ಲಿ ನಾನೂ ಒಬ್ಬ. ಟ್ರ್ಯಾಕ್ಟರ್ ಟ್ರೇಲರ್ ಅಡ್ಡ ನಿಲ್ಲಿಸಿ ಪಾಳಿ ಮೇಲೆ ಕಾದೆವು. ಬೆಂಗಳೂರಿನಿಂದ ಬೈಕಲ್ಲಿ ಬಂದವರನ್ನು ತಡೆದು "ಯಾರ ಮಗ ನೀನು?" ಅಂತ ಕೇಳುತ್ತಿದ್ದೆವು. ಉತ್ತರ ಕೊಟ್ಟವರನ್ನು ಶಾಲೆಯಲ್ಲಿ ಹದಿನಾಲ್ಕು ದಿನ ಇಟ್ಟು, ಮನೆಮನೆಯಿಂದ ಮುದ್ದೆ ಸಾರು ಕೊಟ್ಟೆವು. ಊರಾಚೆ ಫಾರ್ಮ್‌ಹೌಸ್ ಮಾಡಿಕೊಂಡಿದ್ದ ಒಬ್ಬರು ಹೆಂಡತಿ ಮಕ್ಕಳ ಜೊತೆ ಕಾರಲ್ಲಿ ಬಂದರು. ಜಮೀನು ಅವರದೇ, ಪಹಣಿ ಅವರ ಹೆಸರಲ್ಲೇ. ಒಳಗೆ ಬಿಡಲಿಲ್ಲ. ಆಯಪ್ಪ ಮೂರು ವರ್ಷದಿಂದ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು, ಊರಲ್ಲಿ ಒಬ್ಬರ ಮದುವೆಗೂ ಬಂದವರಲ್ಲ, ಒಂದು ಸಾವಿಗೂ ಇಲ್ಲ. ಕಾರು ತಿರುಗಿಸಿಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಮಗು ಅಳುತ್ತಿತ್ತು, ನನಗೆ ಇವತ್ತಿಗೂ ಕಿವಿಯಲ್ಲಿದೆ. ನಾವು ಮಾಡಿದ್ದು ತಪ್ಪೇ. ಆದರೆ ಮತ್ತೆ ಅಂಥ ದಿನ ಬಂದರೆ ಊರು ಮತ್ತೆ ಅದನ್ನೇ ಮಾಡುತ್ತದೆ. ನೀವು ಸಕಲೇಶಪುರದಲ್ಲಿ ಯಾರ ಮಗ?

ಉಡುಪಿಯಿಂದ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ ಮಾರಾಯ್ರೇ. ನಾನು 1990ರಲ್ಲಿ ಕುವೈತ್‌ನಲ್ಲಿದ್ದೆ. ಆಗಸ್ಟ್ 2ರ ಬೆಳಿಗ್ಗೆ ಎದ್ದಾಗ ಇರಾಕಿನ ಸೈನ್ಯ ನುಗ್ಗಿಯಾಗಿತ್ತು, ದೇಶವೇ ಇರಲಿಲ್ಲ. ಬ್ಯಾಂಕಿನಲ್ಲಿದ್ದ ದುಡ್ಡು ಹಾಗೇ ಹೋಯಿತು. ನಾನು ತುಂಬಾ ಬುದ್ಧಿವಂತ ಅಂತ ಅಡುಗೆಮನೆಯಲ್ಲಿ ಎರಡು ಚೀಲ ಅಕ್ಕಿ ಇಟ್ಟಿದ್ದೆ. ಅದನ್ನು ಬಿಟ್ಟೇ ಬಂದದ್ದು. ಬಾಗ್ದಾದ್ ದಾರಿಯಾಗಿ ಬಸ್ಸಿನಲ್ಲಿ ಅಮ್ಮಾನ್‌ಗೆ, ಅಲ್ಲಿಂದ ಏರ್ ಇಂಡಿಯಾ ವಿಮಾನ. ಒಂದೂ ಮುಕ್ಕಾಲು ಲಕ್ಷದಷ್ಟು ಜನ ಹಾಗೆ ಬಂದೆವು. ನಮ್ಮ ಬಿಲ್ಡಿಂಗಿನಲ್ಲಿ ಬಸ್ಸಿಗೆ ಸೀಟು ಮೊದಲು ಸಿಕ್ಕಿದ್ದು ಯಾರಿಗೆ ಗೊತ್ತುಂಟಾ? ಅಡುಗೆ ಕೆಲಸದ ಒಬ್ಬ ಕುಂದಾಪುರದ ಹುಡುಗನಿಗೆ. ಅವನಿಗೆ ಎಲ್ಲ ಡ್ರೈವರುಗಳ ಪರಿಚಯ. ಅವನು ಹೇಳಿ ನನಗೂ ಸೀಟಾಯಿತು, ನಾನು ಅಲ್ಲಿವರೆಗೆ ಅವನ ಹೆಸರು ಕೇಳಿದವನಲ್ಲ. ಅದಕ್ಕೇ ಹೇಳುವುದು, ಜಾಗಕ್ಕೆ ದುಡ್ಡೆಲ್ಲ ಸುರಿಯಬೇಡಿ. ಬಿಟ್ಟು ಓಡುವ ದಿನವೂ ಬರಬಹುದು.

ಹಾಸನದಿಂದ, ಚುಟುಕಾಗಿ

ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಅದು ಸಮಸ್ಯೆ ಅಲ್ಲ. ಪೋಡಿ (ಅಳತೆ ಮಾಡಿ ಹಿಸ್ಸೆ ಬೇರೆ ಮಾಡುವುದು) ಆಗಿದೆಯಾ, ದರಖಾಸ್ತು (ಸರ್ಕಾರ ಮಂಜೂರು ಮಾಡಿದ) ಜಮೀನಾ, ಎಸ್‌ಸಿ ಎಸ್‌ಟಿಯವರಿಗೆ ಮಂಜೂರಾದದ್ದಾ, ಅರಣ್ಯದ ಗಡಿ ತಕರಾರಿದೆಯಾ, ಇಷ್ಟು ನೋಡದೆ ಅಡ್ವಾನ್ಸ್ ಕೊಡಬೇಡಿ. ಮತ್ತೆ ಆನೆ: ಭತ್ತ, ಬಾಳೆ ಹಾಕಿದ ರಾತ್ರಿಯೇ ಹಾಜರು. ಎರಡು ಎಕರೆಯಲ್ಲಿ ಊಟಕ್ಕೆ ಬೆಳೆಯುವ ಆಸೆ ಇದ್ದರೆ ಆ ಕಡೆ ಬೇಡ.

ಕೇಳಿದವರು

ಎಲ್ಲರಿಗೂ ಧನ್ಯವಾದ. ತುರುವೇಕೆರೆಯವರ ಪ್ರಶ್ನೆ ಓದಿ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಸಕಲೇಶಪುರದವರಿಗೆ ಬೇಡ ಅಂತ ಫೋನ್ ಮಾಡಿದೆ.

ಭಾನುವಾರ ನಮ್ಮೂರಿಗೆ ಹೋಗಿದ್ದೆ. ಚಿಕ್ಕದೇವರಾಯ ನಾಲೆ ನಮ್ಮ ಜಮೀನಿಂದ ಅರ್ಧ ಕಿಲೋಮೀಟರ್. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ಅದೂ ಪಂಪಿಲ್ಲದೆ ಹರಿಯುವ ನೀರು ಅಂತ ಮೊನ್ನೆಯೇ ಹೊಳೆದದ್ದು. ಲೆಕ್ಕ ಹಾಕಿದೆ: ಐದು ಜನಕ್ಕೆ ತಲೆಗೆ ದಿನಕ್ಕೆ 400 ಗ್ರಾಂ ಧಾನ್ಯ ಅಂದರೆ ವರ್ಷಕ್ಕೆ ಏಳು ಕ್ವಿಂಟಲ್ 30 ಕೆಜಿ. ಮಳೆ ಕೈಹಿಡಿದ ವರ್ಷ ಒಂದು ಎಕರೆ ರಾಗಿಯಲ್ಲಿ ಅಷ್ಟು ಬರುತ್ತದೆ ಅಂತ ತಮ್ಮ ಹೇಳಿದ. (ಚಿಕ್ಕಪ್ಪನ ಮಗ. ಮಾತಾಡಿ ಆರು ವರ್ಷವಾಗಿತ್ತು. ಕಾಫಿ ಕೊಟ್ಟ. ಭಾಗದ ವಿಷಯ ಇಬ್ಬರೂ ಎತ್ತಲಿಲ್ಲ.) ಅಮ್ಮನ ಇನ್ಸುಲಿನ್‌ಗೆ ಮೈಸೂರು ಅರ್ಧ ಗಂಟೆ, ಮಂಡ್ಯವೂ ಹತ್ತಿರ. ಸೋಲಾರ್ ಹಾಕಿಸಿ ಒಂದು ಸಣ್ಣ ಫ್ರಿಜ್ ಓಡಿಸಬಹುದು.

ಕೆಲಸ ಬಿಡುವುದಿಲ್ಲ, ವರ್ತೂರಿನ ಮನೆ ಮಾರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗುವುದು ಅಂತ ಮಾಡಿದ್ದೇವೆ. ಮುಂದಿನ ತಿಂಗಳು ಊರ ಹಬ್ಬ, ಮಕ್ಕಳನ್ನೂ ಕರೆದುಕೊಂಡು. ಮೊದಲ ಕೆಲಸ ಬಾವಿ ಹೂಳೆತ್ತಿಸುವುದು. ಮುಚ್ಚಿ ಹನ್ನೆರಡು ವರ್ಷವಾಗಿದೆ, 35 ಅಡಿ. ಈ ಶನಿವಾರ ಇಬ್ಬರು ಆಳು ಬರುತ್ತಾರೆ, ನಾನೂ ಇಳಿಯಬೇಕು ಅಂತಿದ್ದೇನೆ.

ಗಂಗಾವತಿ ಕಡಿಂದ

ತಡೀರಿ ತಡೀರಿ. ಹಂಗ ಇಳೀಬ್ಯಾಡ್ರಿ. ಹಗೇವು ತೆಗದ ದಿನ ನಮ್ಮ ಅಜ್ಜ ಯಾರನ್ನೂ ಒಳಗ ಬಿಡ್ತಿದ್ದಿಲ್ಲ, ಒಳಗ ಕೆಟ್ಟ ಗಾಳಿ ತುಂಬಿರತೈತಿ, ಇಳಿದಾವ ಉಸಿರು ಕಟ್ಟಿ ಬೀಳ್ತಾನ, ಎತ್ತಾಕ ಹೋದಾವನೂ ಬೀಳ್ತಾನ. ಮುಚ್ಚಿದ ಬಾವಿನೂ ಹಂಗ. ಶುಕ್ರವಾರನ ಬಾಯಿ ತೆಗಿಸ್ರಿ, ಒಂದು ದಿನ ಗಾಳಿ ಆಡ್ಲಿ. ಬೇವಿನ ಟೊಂಗಿ ಹಗ್ಗಕ್ಕ ಕಟ್ಟಿ ಮ್ಯಾಲ ಕೆಳಗ ಜಗ್ಗಿ ಗಾಳಿ ಕದಡ್ರಿ. ಆಮ್ಯಾಲ ಬಕೀಟಿನಾಗ ದೀಪ ಹಚ್ಚಿಟ್ಟು ತಳದ ತನಕ ಇಳಿಸ್ರಿ. ಆರಿತು ಅಂದ್ರ ಅವತ್ತು ಕೆಲಸ ಇಲ್ಲ. ಉರೀತು ಅಂದ್ರೂ ಇಳಿಯೋರ ಸೊಂಟಕ್ಕ ಹಗ್ಗ ಇರಲಿ, ಮ್ಯಾಲ ಹಿಡಿಯಾಕ ಇಬ್ಬರು ಇರಲಿ. ನಿಮ್ಮ ತಮ್ಮನ್ನ ನಿಂದರಸ್ರಿ.