ಕರಿಯನಿಗೆ ಮೊದಲೇ ಗೊತ್ತಿತ್ತೇ?

ಅತ್ತೆ (ಬೇರೆ ಗುಂಪಿನಿಂದ ಬಂದ ಸಂದೇಶ): ಪ್ರೀತಿಸುವವರ ಮನದ ಮಾತು ಪ್ರಾಣಿಗಳಿಗೆ ಕೇಳಿಸುತ್ತದೆ. ಜಪಾನಿನ ಹಾಚಿಕೋ ಎಂಬ ನಾಯಿಗೆ ಒಡೆಯ ಸತ್ತದ್ದು ಯಾರೂ ಹೇಳದೆಯೇ ತಿಳಿದಿತ್ತು. ನಿಮ್ಮ ಪ್ರಾಣಿಯ ಒಂದು ಫೋಟೊ ಕಳುಹಿಸಿದರೆ ಸಾಕು, ಈ ವಿದ್ಯೆ ಬಲ್ಲವರು ದೂರದಿಂದಲೇ ಅದರ ನೋವನ್ನು ತಿಳಿದು ಹೇಳುತ್ತಾರೆ. ಪ್ರಾಣಿಪ್ರಿಯರೆಲ್ಲರಿಗೂ ತಲುಪಿಸಿ.

ಅತ್ತೆ: ಇದನ್ನು ಓದುತ್ತಿದ್ದಂತೆ ನಮ್ಮ ನಾಯಿ ಕರಿಯ ನೆನಪಾದ. ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ, ಫೋನು ಬರುವ ಮೊದಲೇ ಅವನು ಗೇಟಿನ ಬಳಿ ಹೋಗಿ ಕುಳಿತಿದ್ದ. ಈಗ ನಮ್ಮ ಬೆಕ್ಕು ಎರಡು ದಿನದಿಂದ ಏನನ್ನೂ ತಿಂದಿಲ್ಲ, ನನ್ನ ಮುಖವನ್ನೇ ನೋಡುತ್ತಾ ಕೂರುತ್ತಾಳೆ. ಅವಳ ಫೋಟೊ ಕಳುಹಿಸಿ ಕೇಳಿಸೋಣವೆಂದಿದ್ದೇನೆ.

ಅಣ್ಣ: ಅತ್ತೆ, ಇದಕ್ಕೆ ಆಧಾರವೇನು? ಹಾಚಿಕೋನ ಒಡೆಯ ಪ್ರೊಫೆಸರ್ ಉಯೆನೋ ತೀರಿಕೊಂಡದ್ದು 1925ರಲ್ಲಿ. ಆ ನಾಯಿ ತಾನು ಸಾಯುವ 1935ರವರೆಗೂ ಶಿಬುಯಾ ರೈಲು ನಿಲ್ದಾಣಕ್ಕೆ ಬಂದು ಅವರಿಗಾಗಿ ಕಾಯುತ್ತಿತ್ತು. ಒಡೆಯ ಇನ್ನಿಲ್ಲವೆಂದು ತಿಳಿದಿದ್ದರೆ ಅದು ಯಾರಿಗಾಗಿ ಕಾಯಬೇಕಿತ್ತು?

ದೊಡ್ಡಪ್ಪ: ಪ್ರೀತಿಗೆ ಆಧಾರ ಕೇಳುವುದು ಈ ಕಾಲದ ರೋಗ. ಮೂಕಜೀವಿಯ ಎದುರು ಅರ್ಧ ಗಂಟೆ ಸುಮ್ಮನೆ ಕೂರುವ ತಾಳ್ಮೆ ನಿಮ್ಮಲ್ಲಿ ಯಾರಿಗೂ ಇಲ್ಲ. ಅದಿದ್ದವರಿಗೆ ಪ್ರಾಣಿಯ ಮನಸ್ಸು ತಾನಾಗಿಯೇ ತೆರೆದುಕೊಳ್ಳುತ್ತದೆ.

ಅಣ್ಣ: ಅಪ್ಪ, ಎದುರು ಕೂರುವುದರ ಬಗ್ಗೆ ನನ್ನ ತಕರಾರಿಲ್ಲ. ಬರ್ಲಿನ್ನಿನಲ್ಲಿ ಹ್ಯಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತದೆ ಎಂದು ಜನ ನಂಬಿದ್ದರು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬವರು ಪರೀಕ್ಷಿಸಿದಾಗ, ಪ್ರಶ್ನೆ ಕೇಳಿದವರಿಗೇ ಉತ್ತರ ತಿಳಿಯದಿದ್ದರೆ, ಇಲ್ಲವೇ ಅವರು ಕುದುರೆಯ ಕಣ್ಣಿಗೆ ಬೀಳದಿದ್ದರೆ, ಅದರ ಲೆಕ್ಕ ತಪ್ಪುತ್ತಿತ್ತು. ಸರಿಯಾದ ಎಣಿಕೆ ಬಂದೊಡನೆ ಕೇಳಿದವರ ತಲೆ ತಮಗರಿವಿಲ್ಲದೆ ತುಸು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಅದರ ಒಡೆಯ ಮೋಸಗಾರನಲ್ಲ, ಕುದುರೆ ದಡ್ಡನೂ ಅಲ್ಲ. ಆದರೆ ನೋಡಲು ಎದುರಿಗೆ ಒಂದು ದೇಹ ಬೇಕಿತ್ತು. ಫೋಟೊ ನೋಡಿ ನೋವು ಹೇಳುವವರ ಎದುರು ಅದು ಎಲ್ಲಿದೆ?

ಅಕ್ಕ: ಕರಿಯನ ಹೆಸರು ಕೇಳಿ ಕಣ್ಣು ತುಂಬಿತು. ಅಜ್ಜಿ ನಮ್ಮನ್ನೆಲ್ಲ ಏಕವಚನದಲ್ಲಿ ಗದರುತ್ತಿದ್ದರು, ಅವನನ್ನು ಮಾತ್ರ ಬಹುವಚನದಲ್ಲಿ ಕರೆಯುತ್ತಿದ್ದರು. ‘ಒಳಗೆ ಬನ್ನಿ, ಮಳೆ ಬರುತ್ತಿದೆ’ ಎಂದರೆ ಎದ್ದು ಬರುತ್ತಿದ್ದ, ಅದನ್ನೇ ನಾವು ಹೇಳಿದರೆ ಕಿವಿಯನ್ನೂ ಅಲುಗಿಸುತ್ತಿರಲಿಲ್ಲ. ನಾವು ಶಾಲೆಯಿಂದ ಬರುವ ಹೊತ್ತಿಗೆ ದಿನವೂ ಗೇಟಿನ ಬಳಿ ಇರುತ್ತಿದ್ದ.

ಅಣ್ಣ: ದಿನವೂ ಇರುತ್ತಿದ್ದನಲ್ಲವೇ? ಹಾಗಾದರೆ ಆ ದಿನವೂ ಇದ್ದ. ಇಂಗ್ಲೆಂಡಿನಲ್ಲಿ ಜೇಟೀ ಎಂಬ ನಾಯಿ, ಒಡತಿ ಮನೆಗೆ ಹೊರಟ ಕ್ಷಣವನ್ನು ದೂರದಿಂದಲೇ ಅರಿಯುತ್ತದೆ ಎಂಬ ಮಾತಿತ್ತು. ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿ 1998ರಲ್ಲಿ ಪ್ರಕಟಿಸಿದ ಪ್ರಕಾರ, ಅದು ಕಿಟಕಿಯ ಬಳಿಗೆ ಮತ್ತೆ ಮತ್ತೆ ಹೋಗುತ್ತಿತ್ತು, ಒಡತಿ ಹೊರಟ ಹೊತ್ತಿಗೆ ಅದು ತಾಳೆಯಾಗಲಿಲ್ಲ. ಆ ವಾದವನ್ನು ಮುಂದಿಟ್ಟಿದ್ದ ರೂಪರ್ಟ್ ಶೆಲ್ಡ್ರೇಕ್ ಈ ತೀರ್ಮಾನವನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು.

ಅತ್ತೆ: ಆ ದಿನ ನೀನು ಹಾಸ್ಟೆಲಿನಲ್ಲಿದ್ದೆ, ಮನೆಯಲ್ಲಿದ್ದವಳು ನಾನು. ಅವನು ಕುಳಿತ ರೀತಿಯೇ ಬೇರೆಯಾಗಿತ್ತು. ನೀನು ನನ್ನ ಮಾತನ್ನು ತಳ್ಳಿಹಾಕುವುದು ಇದೇ ಮೊದಲಲ್ಲ. ಕರಿಯನಿಗೆ ನೋವಿದೆ ಎಂದು ನಾನು ಒಂದು ವಾರ ಹೇಳಿದೆ, ‘ಅತ್ತೆಗೆ ಎಲ್ಲವೂ ಹಾಗೇ ಕಾಣುತ್ತದೆ’ ಎಂದೆ. ಕೊನೆಗೆ ಡಾಕ್ಟರು ನೋಡಿ ಸೊಂಟದ ಕೀಲು ಸವೆದಿದೆ ಎಂದರು. ಅಂದು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಮೆಟ್ಟಿಲು ಹತ್ತುವ ಮುನ್ನ ಅವನು ಒಂದು ಗಳಿಗೆ ನಿಂತು ಯೋಚಿಸುತ್ತಿದ್ದ, ಅಷ್ಟೇ.

ಅಣ್ಣ: ಅದಕ್ಕಿಂತ ದೊಡ್ಡ ಆಧಾರ ಬೇಕಿರಲಿಲ್ಲ ಅತ್ತೆ. ಅಂದು ನಾನು ತಪ್ಪು ಮಾಡಿದೆ.

ದೊಡ್ಡಪ್ಪ: ಇದನ್ನೇ ನಾನೂ ಹೇಳಿದ್ದು. ಪ್ರಾಣಿಯನ್ನು ಮನೆಮಗುವಿನಂತೆ ನೋಡಬೇಕು.

ಅತ್ತೆ: ದೊಡ್ಡಣ್ಣ, ಕರಿಯನನ್ನು ಸರಪಳಿಯಲ್ಲಿ ಕಟ್ಟಿಸಿದವರು ನೀವು.

ನಾನು: ಆ ಮಾತು ಆಮೇಲೆ ಆಡೋಣ, ಬೆಕ್ಕಿನ ವಿಷಯ ತಡಮಾಡುವಂಥದ್ದಲ್ಲ. ಅತ್ತೆ, ಅವಳು ಏನೋ ಹೇಳುತ್ತಿದ್ದಾಳೆ ಎಂದು ನಿಮಗೆ ಅನಿಸಿದ್ದನ್ನು ನಾನು ನಂಬುತ್ತೇನೆ. ಮನುಷ್ಯರ ಬೆವರು ಮತ್ತು ಉಸಿರಿನ ವಾಸನೆಯಿಂದಲೇ ನಾಯಿಗಳು ಅವರ ಒತ್ತಡವನ್ನು ಗುರುತಿಸುತ್ತವೆ ಎಂದು ಬೆಲ್‌ಫಾಸ್ಟಿನಲ್ಲಿ ನಡೆದ ಅಧ್ಯಯನ 2022ರಲ್ಲಿ ತೋರಿಸಿತು, ನೂರಕ್ಕೆ 90ಕ್ಕೂ ಹೆಚ್ಚು ಸಲ ಅವು ಸರಿಯಾಗಿ ಹೇಳಿದ್ದವು. ನಾವು ನಿಧಾನವಾಗಿ ಕಣ್ಣು ಮಿಟುಕಿಸಿದರೆ ಬೆಕ್ಕು ತಾನೂ ಹಾಗೆಯೇ ಮಿಟುಕಿಸಿ ಹತ್ತಿರ ಬರುವ ಸಾಧ್ಯತೆ ಹೆಚ್ಚೆಂಬುದು 2020ರ ಇನ್ನೊಂದು ಅಧ್ಯಯನದಲ್ಲಿದೆ. ಜೊತೆಗೆ ಬಾಳಿದವರ ನಡುವೆ ಇಂಥ ಮಾತುಕತೆ ದಿನವಿಡೀ ನಡೆಯುತ್ತದೆ, ಅದನ್ನು ದೂರದ ಅಪರಿಚಿತರು ನಿಮಗಾಗಿ ಕೇಳಿಸಿಕೊಳ್ಳಬೇಕಾಗಿಲ್ಲ. ಆದರೆ ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ಸೇರಿ ಪ್ರಾಣಕ್ಕೇ ಅಪಾಯವಾಗಬಹುದು, ಮೈತುಂಬಿದ ಬೆಕ್ಕಿಗೆ ಇನ್ನೂ ಹೆಚ್ಚು. ನೀವು ಕಂಡದ್ದನ್ನು ಕಂಡ ಹಾಗೆಯೇ ಬರೆಯಿರಿ.

ಅತ್ತೆ: ಬಟ್ಟಲಿನ ಬಳಿ ತಾನಾಗಿ ಹೋಗುತ್ತಾಳೆ. ಮೂಸುತ್ತಾಳೆ, ಒಮ್ಮೆ ಬಾಯಿ ಹಾಕುತ್ತಾಳೆ, ತಲೆ ಕೊಡವಿ ಹಿಂದೆ ಸರಿಯುತ್ತಾಳೆ. ಎಡಗಡೆಯ ಬಾಯಿಯಿಂದ ಜೊಲ್ಲು ಇಳಿಯುತ್ತದೆ. ಆ ಕೆನ್ನೆ ಮುಟ್ಟಲು ಬಿಡುವುದಿಲ್ಲ.

ಅಣ್ಣ: ಹಸಿವಿದೆ, ತಿನ್ನಲು ಆಗುತ್ತಿಲ್ಲ. ಹಲ್ಲು ಅಥವಾ ಒಸಡು ಇರಬೇಕು. ಇದನ್ನೇ ಒಂದಕ್ಷರ ಬಿಡದೆ ಡಾಕ್ಟರಿಗೆ ಹೇಳಿ. ನಾನು ಕಾರು ತೆಗೆದುಕೊಂಡು ಈಗಲೇ ಬರುತ್ತೇನೆ.

ಅತ್ತೆ: ಬುಟ್ಟಿಯಲ್ಲಿ ನನ್ನ ಹಳೆಯ ಸೀರೆ ಹಾಸಿದ್ದೇನೆ. ಬೇಗ ಬಾ.

ದೊಡ್ಡಪ್ಪ: ಕರಿಯನನ್ನು ಕಟ್ಟಿಸಿದ್ದು ಎರಡೇ ದಿನ, ಅದೂ ಮುರಿದ ಗೇಟು ಸರಿಯಾಗುವವರೆಗೆ.

ಅತ್ತೆ: ಆ ಎರಡು ದಿನವೂ ಅವನು ಊಟ ಮುಟ್ಟಲಿಲ್ಲ, ದೊಡ್ಡಣ್ಣ.